ಸಂಪಾದಕರ ಉತ್ತರ: ಹಡಗು ಎಂದರೆ ದೇಶ, ಸರಿ, ಆಮೇಲೆ?

ಹಾಸನದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮಗಳ ಇಂಗ್ಲಿಷ್ ಪಾಠದಲ್ಲಿ ಅಮೆರಿಕದ ಕವಿ ವಾಲ್ಟ್ ವಿಟ್ಮನ್ ಬರೆದ ‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’ ಪದ್ಯ ಇದೆಯಂತೆ, ಹೇಳಿಕೊಡಲು ಕೂತರಂತೆ. ಪತ್ರದ ಮುಖ್ಯ ಭಾಗ ಇಷ್ಟು: “ಕ್ಯಾಪ್ಟನ್ ಎಂದರೆ ಅಬ್ರಹಾಂ ಲಿಂಕನ್, ಹಡಗು ಎಂದರೆ ಅಮೆರಿಕ, ಭಯಂಕರ ಪಯಣ ಎಂದರೆ ಅಂತರ್ಯುದ್ಧ, ಬಂದರು ಎಂದರೆ ಗೆಲುವು ಅಂತ ಗೈಡಿನಲ್ಲಿದೆ. ಅಷ್ಟು ಗೊತ್ತಾದ ಮೇಲೆ ಪದ್ಯ ಮುಗಿದೇ ಹೋಯಿತಲ್ಲ, ಇನ್ನೇನಿದೆ ಅದರಲ್ಲಿ? ಕ್ಯಾಪ್ಟನ್ ಅಂದವನು ಮಧ್ಯದಲ್ಲಿ ಅಪ್ಪ ಅಂತ ಯಾಕೆ ಕರೀತಾನೆ ಎಂದು ಮಗಳು ಕೇಳಿದಳು, ನನಗೆ ಹೇಳಲು ಆಗಲಿಲ್ಲ. ಕವಿಗೇ ಈ ಪದ್ಯ ಬೇಸರವಾಗಿತ್ತು ಅಂತಲೂ ಓದಿದೆ. ಹಾಗಿದ್ದರೆ ಮಕ್ಕಳಿಗೆ ಯಾಕೆ ಓದಿಸಬೇಕು?”

ಮೇಡಂ, ಮೊದಲು ನಿಮ್ಮ ಮಗಳಿಗೆ ಒಂದು ಶಹಬ್ಬಾಸ್ ಹೇಳಿ. ಗೈಡಿಗೆ ಹೊಳೆಯದ ಪ್ರಶ್ನೆ ಅವಳಿಗೆ ಹೊಳೆದಿದೆ.

ಗೈಡು ಸುಳ್ಳು ಹೇಳಿಲ್ಲ, ಒಪ್ಪುತ್ತೇನೆ. 1865ರ ಏಪ್ರಿಲ್ 9ರಂದು ದೇಶದಿಂದ ಬೇರೆಯಾಗಲು ಹೊರಟಿದ್ದ ದಕ್ಷಿಣ ರಾಜ್ಯಗಳ ದಂಡನಾಯಕ ಲೀ ಶರಣಾದ. ನಾಲ್ಕು ವರ್ಷದ ಯುದ್ಧ, ಆರು ಲಕ್ಷಕ್ಕೂ ಹೆಚ್ಚು ಸಾವು, ಅಂತೂ ಮುಗಿಯಿತು ಎಂದು ಊರೂರಲ್ಲಿ ಗಂಟೆ ಬಾರಿಸಿದರು. ಸರಿಯಾಗಿ ಐದು ದಿನಕ್ಕೆ, 14ರ ರಾತ್ರಿ, ನಾಟಕ ನೋಡುತ್ತಾ ಕೂತಿದ್ದ ಅಧ್ಯಕ್ಷ ಲಿಂಕನ್‌ಗೆ ಗುಂಡು ಬಿತ್ತು. ಹೊಡೆದವನು ಬೂತ್ ಎಂಬ ನಟ. ಬೆಳಗಾದ ಮೇಲೆ ಲಿಂಕನ್ ತೀರಿಹೋದ. ಈ ಐದು ದಿನದ ಲೆಕ್ಕ ಗೊತ್ತಿಲ್ಲದಿದ್ದರೆ, ಸಾವಿನ ಪದ್ಯದಲ್ಲಿ ಗಂಟೆ, ಬಾವುಟ, ಹೂಗುಚ್ಛ ಯಾಕೆ ಬಂದವು ಎಂಬುದೇ ತಿಳಿಯುವುದಿಲ್ಲ. ಗೈಡಿನ ಕೆಲಸ ಅಲ್ಲಿಗೆ ಮುಗಿಯಿತು. ನಿಮ್ಮ ಕೆಲಸ ಅಲ್ಲಿಂದ ಶುರು. ನೀವೂ ಅಲ್ಲೇ ಪುಸ್ತಕ ಮುಚ್ಚಿಟ್ಟರೆ ಹೇಗೆ?

ಒಂದು ಕೆಲಸ ಮಾಡಿ. ಪದ್ಯವನ್ನು ಗಟ್ಟಿಯಾಗಿ ಓದಿ, ಅಡುಗೆಮನೆಯಲ್ಲಿ ನಿಂತು ಓದಿದರೂ ಆದೀತು. ಹಡಗು, ಬಂದರು ಎಲ್ಲ ಮರೆತು ಬರೀ ನಾನು, ನೀನು, ಅವನು ಎಂಬ ಪದಗಳನ್ನು ಹಿಡಿದುಕೊಂಡು ಹೋಗಿ. ಮೊದಲ ಚರಣ ಶುರುವಾಗುವುದು ‘ನಮ್ಮ’ ಪಯಣ ಮುಗಿಯಿತು ಎಂದು. ಇಡೀ ಹಡಗಿನವರ ಪರವಾಗಿ ಒಬ್ಬ ನಾವಿಕನ ಮಾತು. ಹಡಗಿನಲ್ಲಿ ಕ್ಯಾಪ್ಟನ್‌ನ ಹೆಣ ಕಂಡ ಕೂಡಲೇ ಆ ‘ನಮ್ಮ’ ಕಳಚಿಬಿದ್ದು ‘ನನ್ನ ಕ್ಯಾಪ್ಟನ್’ ಒಂದೇ ಉಳಿಯುತ್ತದೆ. ಎರಡನೇ ಚರಣದಲ್ಲಿ ಅವನು ಹೆಣದ ಜೊತೆ ಮಾತಾಡುತ್ತಾನೆ. ಏಳು, ಗಂಟೆ ಕೇಳು, ಏಳು, ಬಾವುಟ ಹಾರಿಸಿದ್ದು ನಿನಗೆ, ಕಹಳೆ ನಿನಗೆ, ದಡದಲ್ಲಿ ಸೇರಿದ ಜನ ಕರೆಯುತ್ತಿರುವುದು ನಿನ್ನನ್ನೇ. ತಲೆಯ ಕೆಳಗೆ ತೋಳು ಕೊಟ್ಟು ಅಪ್ಪಾ ಎನ್ನುತ್ತಾನೆ. ನೀನು ಸತ್ತು ಬಿದ್ದಿರುವುದು ಯಾವುದೋ ಕನಸು ಎನ್ನುತ್ತಾನೆ. ಮೂರನೇ ಚರಣಕ್ಕೆ ಬನ್ನಿ. ‘ನೀನು’ ಇಲ್ಲ! ನನ್ನ ಕ್ಯಾಪ್ಟನ್ ಉತ್ತರ ಕೊಡುತ್ತಿಲ್ಲ, ಅವನ ತುಟಿ ಬಿಳಿಚಿದೆ, ನನ್ನ ಅಪ್ಪನಿಗೆ ನನ್ನ ತೋಳು ತಾಕುತ್ತಿರುವುದು ಗೊತ್ತಾಗುತ್ತಿಲ್ಲ. ‘ನೀನು’ ಹೋಗಿ ‘ಅವನು’ ಬಂತು. ಎರಡು ಚರಣಗಳ ನಡುವಿನ ಆ ಖಾಲಿ ಜಾಗದಲ್ಲಿ ಅವನಿಗೆ ಸಾವು ಅರ್ಥವಾಗಿದೆ. ಯಾವ ಗೈಡಿನಲ್ಲಿದೆ ಇದು?

ನನಗೆ ಇದು ತಿಳಿದದ್ದು ಪುಸ್ತಕದಿಂದ ಅಲ್ಲ. ನಮ್ಮಜ್ಜಿ ಜೀವಮಾನದಲ್ಲಿ ತಾತನ ಹೆಸರು ಹಿಡಿದು ಕರೆದವಳಲ್ಲ. ಯಾವಾಗಲೂ ‘ಅವರು’, ಇಲ್ಲವೇ ‘ಏನೂಂದ್ರೆ’. ತಾತ ಹೋದ ದಿನ ನಡುಮನೆಯಲ್ಲಿ ಮಲಗಿಸಿದ್ದರು. ಅಜ್ಜಿ ಎದೆ ಮೇಲೆ ಕೈಯಿಟ್ಟು “ಏಳೋ, ಏಳೋ, ಯಾರ್ಯಾರು ಬಂದಿದ್ದಾರೆ ನೋಡೋ” ಎಂದು ಕೂಗಿದಳು. ಮನೆಯವರೆಲ್ಲ ತಲೆ ತಗ್ಗಿಸಿದೆವು. ಐವತ್ತು ವರ್ಷ ಬಾಯಿಗೆ ಬಾರದ ಏಕವಚನ ಅವತ್ತು ಬಂತು. ಹನ್ನೊಂದನೇ ದಿನದ ಹೊತ್ತಿಗೆ ಮತ್ತೆ ಅಡುಗೆಯವರ ಹತ್ತಿರ “ಅವರಿಗೆ ಬದನೆಕಾಯಿ ಆಗ್ತಿರಲಿಲ್ಲ, ಮಾಡಬೇಡಿ” ಅನ್ನುತ್ತಿದ್ದಳು.

ಮುಂದೆ ಈ ಪದ್ಯವನ್ನು ಕನ್ನಡಕ್ಕೆ ತರೋಣ ಅಂತ ಕೂತಾಗ ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. ಇಂಗ್ಲಿಷಿನ ‘ಯು’ ಯಾರಿಗಾದರೂ ಆಗುತ್ತದೆ. ಕನ್ನಡದಲ್ಲಿ ನೀನೋ, ನೀವೋ? ದೇಶದ ಅಧ್ಯಕ್ಷನಿಗೆ ನೀವು ಅನ್ನಬೇಕು. ಹೆಣದ ತಲೆ ಹಿಡಿದುಕೊಂಡು ನೀವು ಏಳಿ ಅನ್ನಲಿಕ್ಕೆ ಆಗುತ್ತದಾ? ಅಜ್ಜಿ ನೆನಪಾದಳು, ‘ಏಳು’ ಎಂದು ಬರೆದೆ. ಉಳಿದ ಅನುವಾದ ಕೆಟ್ಟದಾಗಿತ್ತು, ಹರಿದುಹಾಕಿದೆ.

ನಮ್ಮ ರನ್ನನನ್ನೇ ನೋಡಿ. ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಕರ್ಣನ ಹತ್ತಿರ ಬಂದಾಗ ಏನು ಹೇಳುತ್ತಾನೆ? ನಾನು, ದುಶ್ಶಾಸನ, ನೀನು, ಮೂವರೇ ಇದ್ದದ್ದು. ಅವನು ಹೋದ ಮೇಲೆ ನಾನು, ನೀನು. ಈಗ ನೀನೂ ಎಲ್ಲಿಗೆ ಹೋದೆ? ಆ ಒಂದು ಪದ್ಯದಲ್ಲಿ ಇಷ್ಟೇ. ಕರ್ಣ ಕಡಲು, ಕರ್ಣ ಸೂರ್ಯ ಎಂದೆಲ್ಲ ಹೇಳಲಿಲ್ಲ. ಬೆರಳು ಮಡಚಿ ಎಣಿಸಿದ ಹಾಗಿದೆ. ಹತ್ತನೇ ಶತಮಾನದ ಕವಿ ಮೇಡಂ, ಇವತ್ತಿಗೂ ಎದೆ ಹಿಂಡುತ್ತದೆ.

ಇನ್ನು ಮಗಳ ‘ಅಪ್ಪ’. ವಿಟ್ಮನ್‌ಗೆ ಲಿಂಕನ್ ಗುರುತಿನವನೇ ಅಲ್ಲ. ವಾಷಿಂಗ್ಟನ್ ಬೀದಿಯಲ್ಲಿ ಹಾದುಹೋಗುವುದನ್ನು ಎಷ್ಟೋ ಸಲ ನೋಡಿದ್ದ, ಇಬ್ಬರೂ ತಲೆಬಾಗಿ ನಮಸ್ಕರಿಸುವಷ್ಟು ಬಳಕೆಯಾಗಿತ್ತು, ಅಷ್ಟೇ. ವಯಸ್ಸಿನಲ್ಲೂ ಲಿಂಕನ್ ಹತ್ತೇ ವರ್ಷ ದೊಡ್ಡವನು. ಆದರೆ ಆ ವರ್ಷಗಳಲ್ಲಿ ವಿಟ್ಮನ್ ಏನು ಮಾಡುತ್ತಿದ್ದ ಗೊತ್ತಾ? ಗಾಯಗೊಂಡ ತಮ್ಮನನ್ನು ಹುಡುಕಿಕೊಂಡು 1862ರ ಕೊನೆಗೆ ಹೋದವನು ವಾಷಿಂಗ್ಟನ್‌ನಲ್ಲೇ ಉಳಿದು, ಮಿಲಿಟರಿ ಆಸ್ಪತ್ರೆಗಳಲ್ಲಿ ಸಾಯುತ್ತಿದ್ದ ಹುಡುಗರ ಪಕ್ಕ ಕೂರುತ್ತಿದ್ದ. ಅವರ ಪರವಾಗಿ ಮನೆಗೆ ಕಾಗದ ಬರೆದುಕೊಡುತ್ತಿದ್ದ. ತಲೆಯ ಕೆಳಗಿನ ಆ ತೋಳು ಅಲ್ಲಿಂದ ಬಂದದ್ದು ಅಂತ ನನ್ನ ಊಹೆ. ಲಿಂಕನ್‌ನ ತಲೆ ಅವನು ಮುಟ್ಟಿರಲಿಲ್ಲ, ಬೇರೆಯವರ ತಲೆ ಮುಟ್ಟಿದ್ದ. ಮಗಳಿಗೆ ಇದನ್ನೇ ಹೇಳಿ.

ಸುದ್ದಿ ಬಂದ ದಿನ ಅವನು ಬ್ರೂಕ್ಲಿನ್‌ನಲ್ಲಿ ತಾಯಿಯ ಮನೆಯಲ್ಲಿದ್ದ. ಅವನೇ ಬರೆದುಕೊಂಡಿದ್ದಾನೆ: ತಾಯಿ ಎಂದಿನಂತೆ ತಿಂಡಿ ಮಾಡಿದಳು, ಊಟವನ್ನೂ ಮಾಡಿದಳು, ಇಬ್ಬರೂ ಒಂದು ತುತ್ತು ತಿನ್ನಲಿಲ್ಲ. ಅರ್ಧರ್ಧ ಕಪ್ ಕಾಫಿ ಕುಡಿದರು. ಬಂದ ಪತ್ರಿಕೆಗಳನ್ನೆಲ್ಲ ಮಾತಿಲ್ಲದೆ ಒಬ್ಬರಿಂದ ಒಬ್ಬರಿಗೆ ಕೊಡುತ್ತಿದ್ದರು. ಆ ಅರ್ಧ ಕಪ್ ಕಾಫಿ ನನ್ನ ತಲೆಯಿಂದ ಹೋಗಿಲ್ಲ.

ಕವಿಗೆ ಬೇಸರವಾಗಿತ್ತು, ನಿಜ. ಪ್ರಾಸ, ಛಂದಸ್ಸು ಬಿಟ್ಟು ಬರೆದೇ ಹೆಸರಾದವನು ಇಲ್ಲಿ ಪ್ರಾಸ ಹಾಕಿದ. ಜನಕ್ಕೆ ಇದೊಂದೇ ಬಾಯಿಪಾಠ ಆಯಿತು. 1879ರಿಂದ 1890ರವರೆಗೆ ಲಿಂಕನ್ ಬಗ್ಗೆ ಭಾಷಣ ಮಾಡಿದಾಗ ಸಾಮಾನ್ಯವಾಗಿ ಕೊನೆಗೆ ಇದನ್ನು ಓದಬೇಕಾಗುತ್ತಿತ್ತು. ಮುಪ್ಪಿನಲ್ಲಿ, ಇದನ್ನು ಯಾಕಾದರೂ ಬರೆದೆನೋ ಎಂಬರ್ಥದಲ್ಲಿ ಗೊಣಗಿದ್ದಾನೆ. ಬಲ್ಲವರು, ಅದೇ ಸಾವಿನ ಮೇಲೆ ಅವನು ಬರೆದ ಲೈಲಾಕ್ ಹೂವಿನ ದೀರ್ಘ ಕವಿತೆಯೇ ದೊಡ್ಡದು ಎನ್ನುತ್ತಾರೆ. ಅದರಲ್ಲಿ ಲಿಂಕನ್ ಹೆಸರೇ ಇಲ್ಲ, ಹೂವು, ನಕ್ಷತ್ರ, ಹಾಡುವ ಒಂದು ಹಕ್ಕಿ, ಊರೂರು ದಾಟುವ ಶವಪೆಟ್ಟಿಗೆ. ದೊಡ್ಡದೇ, ಯಾರು ಇಲ್ಲ ಅಂದರು? ಆದರೆ ಹೆಣದ ಮುಂದೆ ನಿಂತವರಿಗೆ ಬಾಯಿಗೆ ಬರುವುದು ಗೊತ್ತಿರುವ ರಾಗವೇ. ಅದಕ್ಕೆ ಕವಿಯೇ ನಾಚಿಕೊಂಡರೂ ನಾನು ನಾಚಿಕೊಳ್ಳುವುದಿಲ್ಲ.

ನನ್ನ ಸಿಟ್ಟು ಬೇರೆ ಕಡೆ. ಯಾರಾದರೂ ನಾಯಕರು ತೀರಿಕೊಂಡ ಎರಡೇ ಗಂಟೆಗೆ ನಮ್ಮ ಕಚೇರಿಗೆ ಪದ್ಯಗಳು ಬರಲು ಶುರು. ಧ್ರುವತಾರೆ, ಆಲದಮರ, ತುಂಬಲಾರದ ನಷ್ಟ. ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುತ್ತದೆ. ಒಮ್ಮೆ ಒಬ್ಬರು ಹಳೆಯ ಪದ್ಯದಲ್ಲಿ ಹೆಸರು ಬದಲಿಸುವುದನ್ನೂ ಮರೆತು ಕಳಿಸಿದ್ದರು! ಸರ್ಕಲ್ಲಿನ ಫ್ಲೆಕ್ಸ್‌ನಲ್ಲಿ ಸತ್ತವರ ಫೋಟೋಗಿಂತ ಶ್ರದ್ಧಾಂಜಲಿ ಹೇಳುವವರ ಫೋಟೋ ಜಾಸ್ತಿ. ಇವೆಲ್ಲ ಆ ಗೈಡಿನ ಮಕ್ಕಳೇ. ನಾಯಕ ಎಂದರೆ ನಕ್ಷತ್ರ, ಸಾವು ಎಂದರೆ ಕತ್ತಲು, ಐದು ಅಂಕ. ಹಾಗೆ ಕಲಿತವರು ಹಾಗೇ ಬರೆಯುತ್ತಾರೆ, ಅಲ್ವಾ?

ಸಾಕು, ಪುಟ ಮುಗಿಯುತ್ತಾ ಬಂತು. ಮಗಳ ಜೊತೆ ಕೂತು ಎರಡನೇ ಚರಣವನ್ನು ನೀವು ಓದಿ, ಮೂರನೆಯದನ್ನು ಅವಳು ಓದಲಿ. ಪರೀಕ್ಷೆಯಲ್ಲಿ ಮಾತ್ರ ಹಡಗು ಎಂದರೆ ಅಮೆರಿಕ ಎಂದೇ ಬರೆಯಲಿ. ಮಾರ್ಕ್ಸ್ ಹೋದರೆ ನೀವು ಮತ್ತೆ ನನಗೇ ಪತ್ರ ಬರೆಯುತ್ತೀರಿ.

— ಸಂ.