ಅಡಿಕೆ ಧಾರಣೆ ಆ್ಯಪ್ ಮಾಡಿದ ಮಗ, ಅದನ್ನು ಬಿಡಲಾಗದ ಅಪ್ಪಯ್ಯ

ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಊರು, ವಯಸ್ಸು ಮತ್ತು ಕೆಲವು ವಿವರ ಬದಲಿಸಿದ್ದೇನೆ.

ಸಲಹೆಗೆ ಬಂದವರು ಮೂವತ್ತರ ಆಸುಪಾಸಿನ ಯುವಕ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಬೆಂಗಳೂರಿನಲ್ಲಿ ಕೆಲವು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಶಿವಮೊಗ್ಗಕ್ಕೆ ವಾಪಸ್ ಬಂದವರು, ಸ್ನೇಹಿತರ ಜೊತೆ ಸೇರಿ ಅಡಿಕೆ ಧಾರಣೆ ತಿಳಿಸುವ ಆ್ಯಪ್ ಶುರು ಮಾಡಿದ್ದರು. ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಅಡಿಕೆಯ ಯಾವ ಬಗೆಗೆ ಯಾವ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ ಎಷ್ಟು ಅಂತ ಅದರಲ್ಲಿ ಬರುತ್ತದೆ. ಬೆಳೆಗಾರರಿಗೆ ನಿಜಕ್ಕೂ ಬೇಕಾದ ವಿಷಯ.

ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತೆ, ಸಣ್ಣ ಮಾತಿಗೂ ಹೆಂಡತಿ ಮೇಲೆ ರೇಗ್ತೀನಿ ಅಂದರು. ಎದೆಬಡಿತದ ವಿಷಯ ಇದ್ದುದರಿಂದ ಮೊದಲು ವೈದ್ಯರ ಹತ್ತಿರ ಕಳಿಸಿದೆ. ಇಸಿಜಿ, ಥೈರಾಯ್ಡ್ ಎರಡೂ ಸರಿಯಾಗಿತ್ತು. ಎರಡನೇ ಸಲ ಕೂತಾಗ ಅಸಲಿ ಮಾತು ಹೊರಗೆ ಬಂತು. "ಅಪ್ಪಯ್ಯ ಕೈ ಮುರ್ಕೊಂಡಿದಾರೆ ಮೇಡಂ. ನಾನ್ ಮಾಡಿದ ಆ್ಯಪ್‌ನಿಂದ."

ಆ್ಯಪ್‌ನಲ್ಲಿ ಒಂದು ಅಡಿಕೆ ಗೊನೆಯ ಚಿತ್ರ ಇದೆ. ದಿನಾ ಒಂದು ಸಲ ತೆರೆದರೆ ಗೊನೆಯಲ್ಲಿ ಒಂದು ಕಾಯಿ ಹಣ್ಣಾಗುತ್ತದೆ. ಒಂದು ದಿನ ತಪ್ಪಿದರೆ ಇಡೀ ಗೊನೆ ಕಳಚಿ ಬೀಳುತ್ತದೆ, ಮತ್ತೆ ಮೊದಲಿನಿಂದ ಶುರು. ಲೆಕ್ಕ ಮುಗಿಯುವುದು ರಾತ್ರಿ ಹನ್ನೆರಡಕ್ಕೆ. ಆ ದಿನ ಜೋರು ಮಳೆ, ಕರೆಂಟ್ ಇಲ್ಲ, ಮನೆಯ ವೈಫೈ ಸತ್ತಿತ್ತು. ಮಲಗಿದ್ದ ಅಪ್ಪಯ್ಯನಿಗೆ ಹನ್ನೊಂದೂವರೆಗೆ ಗೊನೆ ನೆನಪಾಯಿತು. ಟಾರ್ಚ್, ಕೊಡೆ ಹಿಡಿದು ನೆಟ್‌ವರ್ಕ್ ಸಿಗುವ ದರೆಯ ಮೇಲಕ್ಕೆ ಹೊರಟರು. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿದರು.

ಕೊಳೆರೋಗ, ಎಲೆಚುಕ್ಕಿ ಎರಡನ್ನೂ ಎದುರಿಸಿ ತೋಟ ಉಳಿಸಿಕೊಂಡ ಮನುಷ್ಯ ಒಂದು ಚಿತ್ರದ ಗೊನೆಗಾಗಿ ನಡುರಾತ್ರಿ ಮಳೆಯಲ್ಲಿ ಯಾಕೆ ಹೋಗ್ತಾರೆ? ವಯಸ್ಸಾಗಿ ಬುದ್ಧಿ ಮಂಕಾಗಿದೆ ಅಂತ ನೆಂಟರು ಆಡಿಕೊಂಡರಂತೆ. ಇದು ನನಗೆ ಬಹಳ ನೋವು ತಂದ ಮಾತು. ಅವರ ಬುದ್ಧಿ ಚೆನ್ನಾಗಿಯೇ ಇದೆ. ಕೈಯಲ್ಲಿರುವುದನ್ನು ಕಳೆದುಕೊಳ್ಳುವ ನೋವು, ಅಷ್ಟೇ ಗಳಿಸಿದ ಖುಷಿಗಿಂತ ಜಾಸ್ತಿ ಅಂತ ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ 1979ರಲ್ಲೇ ತೋರಿಸಿದ್ದರು. ಗೊನೆ ದೊಡ್ಡದಾದಷ್ಟೂ ಅದು ಬೀಳುವ ಭಯ ಜಾಸ್ತಿ. ಆ ಭಯ ಹುಟ್ಟಲಿ ಅಂತಲೇ ಗೊನೆಯನ್ನು ಹಾಗೆ ಮಾಡಿದ್ದು.

ಆ್ಯಪ್ ತೆರೆದು ತೋರಿಸಿ ಅಂದೆ. ಬೆರಳಿಂದ ಪರದೆ ಕೆಳಗೆ ಎಳೆದರು. ಹಿಂಗಾರ ನಿಧಾನಕ್ಕೆ ಬಿಚ್ಚಿಕೊಂಡಿತು. ಆಮೇಲೆ ಧಾರಣೆ ಮೂಡಿತು. ನೋಡಲು ನಿಜಕ್ಕೂ ಚೆಂದ. "ಅಂಕಿ ಮೊದಲೇ ಫೋನಲ್ಲಿ ಇರುತ್ತೆ ಮೇಡಂ. ಆ ಎರಡು ಸೆಕೆಂಡ್ ನಾವೇ ಇಟ್ಟಿದ್ದು. ಕಾಯಿಸಿದ್ರೆ ಕುತೂಹಲ ಜಾಸ್ತಿ ಆಗುತ್ತೆ."

ಇದರ ಬೇರು ಹಳೆಯದು. ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಚಾರ್ಲ್ಸ್ ಫರ್ಸ್ಟರ್ ಜೊತೆ 1957ರಲ್ಲಿ ಪ್ರಕಟಿಸಿದರು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಅಂತ ಗೊತ್ತಾಗದ ಹಾಗೆ ಇಟ್ಟಾಗ ಹಕ್ಕಿ ಬಿಡದೆ ಕುಕ್ಕುತ್ತಿತ್ತು. ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಅಡಿಕೆ ಧಾರಣೆ ಮೊದಲೇ ಏರುಪೇರಿನದ್ದು, ಅಲ್ವಾ? ಅದರ ಮೇಲೆ ಈ ಕಾಯಿಸುವಿಕೆ ಬೇರೆ. ಇನ್ನು ಸ್ಟ್ಯಾನ್‌ಫರ್ಡ್‌ನಲ್ಲಿ 1998ರಲ್ಲಿ ಇಂಥ ವಿಷಯಕ್ಕೇ ಪ್ರಯೋಗಾಲಯ ಶುರು ಮಾಡಿದ ಬಿ.ಜೆ. ಫಾಗ್ ಹೇಳುವ ಪ್ರಕಾರ, ಒಂದು ಕೆಲಸ ನಡೆಯಬೇಕಾದರೆ ಆಸೆ ಇರಬೇಕು, ಮಾಡಲು ಸುಲಭ ಇರಬೇಕು, ಸರಿಯಾದ ಹೊತ್ತಿಗೆ ಒಂದು ಕರೆ ಬರಬೇಕು. ಅಟ್ಟದ ಮೇಲೆ ಅಡಿಕೆ ಇಟ್ಟುಕೊಂಡು ಕಾಯುವವರಿಗೆ ಆಸೆ ಇದ್ದೇ ಇದೆ. ಬೆರಳು ಎಳೆದರೆ ಸಾಕು, ಅಷ್ಟು ಸುಲಭ. ಕರೆ ಕಂಪನಿಯದ್ದು: ರಾತ್ರಿ ಒಂಬತ್ತೂವರೆಗೆ, "ಧಾರಣೆ ಬದಲಾಗಿದೆ, ಈಗಲೇ ನೋಡಿ."

ರಾತ್ರಿ ಒಂಬತ್ತೂವರೆಗೆ ಯಾವ ಮಂಡಿ ತೆರೆದಿರುತ್ತೆ ಅಂತ ಕೇಳಿದೆ. ಅವರು ತಲೆ ತಗ್ಗಿಸಿದರು.

ನನ್ನ ಗಮನ ಹೆಚ್ಚು ಹೋದದ್ದು ಇನ್ನೊಂದು ಕಡೆಗೆ. ಮಾತಾಡುತ್ತಿರುವಾಗಲೇ ಅವರ ಕೈ ಮತ್ತೆಮತ್ತೆ ಫೋನಿಗೆ ಹೋಗುತ್ತಿತ್ತು. ನೋಡುತ್ತಿದ್ದುದು ಕಂಪನಿಯ ಡ್ಯಾಶ್‌ಬೋರ್ಡ್, ಅಂದರೆ ಇವತ್ತು ಎಷ್ಟು ಜನ ಆ್ಯಪ್ ತೆರೆದರು ಅನ್ನುವ ಲೆಕ್ಕ. ಹಣ ಹೂಡುವವರು ಅದನ್ನೇ ಕೇಳುತ್ತಾರಂತೆ. ರಾತ್ರಿ ಎರಡಕ್ಕೆ ಎಚ್ಚರಾದರೂ ಅದನ್ನೇ ನೋಡುತ್ತಾರೆ. ಒಂದು ದಿನ ಏರಿಕೆ, ಒಂದು ದಿನ ಇಳಿಕೆ. ಅಪ್ಪಯ್ಯನನ್ನು ಹಿಡಿದದ್ದು ಯಾವುದೋ ಅದೇ ಮಗನನ್ನೂ ಹಿಡಿದಿತ್ತು. ಬೆಳೆಯಲೇಬೇಕು ಅನ್ನುವ ಒತ್ತಡದಲ್ಲಿ ದುಡಿಯುವ ಬಹಳಷ್ಟು ಹುಡುಗರ ಸ್ಥಿತಿ ಹೀಗೇ ಇದೆ. ಅವರನ್ನು ಸುಮ್ನೆ ಬೈದರೆ ಪ್ರಯೋಜನವಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾಗಿ ಸಲಹೆ ಶುರುವಾದದ್ದು ಅವರ ನಿದ್ದೆಯಿಂದ. ಡ್ಯಾಶ್‌ಬೋರ್ಡನ್ನು ಫೋನಿನಿಂದ ತೆಗೆಯಿರಿ, ಸೋಮವಾರ ಬೆಳಿಗ್ಗೆ ಆಫೀಸಿನ ಕಂಪ್ಯೂಟರಿನಲ್ಲಿ ಪಾಲುದಾರರ ಜೊತೆ ಕೂತು ನೋಡಿ, ಫೋನ್ ಮಲಗುವ ಕೋಣೆಯ ಹೊರಗಿರಲಿ ಅಂದೆ. ಮೊದಲ ಒಂದೆರಡು ವಾರ ಚಡಪಡಿಕೆ ಆಗುತ್ತದೆ ಅಂತಲೂ ಮೊದಲೇ ಹೇಳಿದೆ.

ಅವರು ಆ್ಯಪನ್ನೇ ಮುಚ್ಚಿಬಿಡುವ ಯೋಚನೆಯಲ್ಲಿದ್ದರು. ಬೇಡ ಅಂದೆ. ತಪ್ಪಿತಸ್ಥ ಭಾವ ಜೋರಾಗಿದ್ದಾಗ ತೆಗೆದುಕೊಳ್ಳುವ ತೀರ್ಮಾನ ತಮ್ಮನ್ನೇ ಶಿಕ್ಷಿಸಿಕೊಳ್ಳುವ ಹಾಗಿರುತ್ತದೆ. ಎಳೆದಷ್ಟೂ ಮುಗಿಯದ ಸ್ಕ್ರೋಲನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಮರುಗಿದರು. ತಂತ್ರಜ್ಞಾನ ಮನುಷ್ಯರಿಗೆ ಒಳ್ಳೆಯದು ಮಾಡಬೇಕು ಅಂತ ಕೆಲಸ ಮಾಡುವ ಸಂಸ್ಥೆ ಕಟ್ಟಿದವರಲ್ಲಿ ಅವರೂ ಒಬ್ಬರು. ಕೈಯಲ್ಲಿರುವ ವಿದ್ಯೆಯನ್ನು ಬೇರೆ ಕಡೆಗೆ ತಿರುಗಿಸಲು ನಿಮಗೂ ಸಾಧ್ಯ ಅಂದೆ.

ಎಲ್ಲಿ ತಿರುಗಿಸುವುದು ಅಂತ ಗೊತ್ತಾಗಲು ಒಂದು ಪ್ರಶ್ನೆ ಕೊಟ್ಟೆ: ಈ ವ್ಯವಸ್ಥೆ ಹೀಗೆ ಕೆಲಸ ಮಾಡುತ್ತೆ ಅಂತ ಅಪ್ಪಯ್ಯನಿಗೆ ಎದುರು ಕೂರಿಸಿ ವಿವರಿಸಿದರೆ, ಇರಲಿ ಬಿಡು ಅಂತಾರಾ? ದಿನದ ಧಾರಣೆ ಇರಲಿ ಅಂತಾರೆ. ಎರಡು ಸೆಕೆಂಡ್ ಕಾಯಿಸುವುದನ್ನು ಒಪ್ಪಲ್ಲ. ಬದಲಾಗದ ಧಾರಣೆಯನ್ನು ಬದಲಾಗಿದೆ ಅನ್ನುವುದನ್ನಂತೂ ಒಪ್ಪುವುದೇ ಇಲ್ಲ. ಅದು ಸುಳ್ಳು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳ ಪಟ್ಟಿ ಇದೆ. ಹುಸಿ ಅವಸರ ಹುಟ್ಟಿಸುವುದು, ಪದೇಪದೇ ಪೀಡಿಸುವುದು ಎರಡೂ ಅದರಲ್ಲಿವೆ. ಅದನ್ನು ವಕೀಲರ ಜೊತೆ ಕೂತು ಓದಿ ಅಂದೆ.

ಗೊನೆ ತೆಗೆಯಲು ಮಾತ್ರ ಅವರಿಗೆ ಮನಸ್ಸಿರಲಿಲ್ಲ. "ದಿನ ತಪ್ಪಿದ್ರೆ ಅಭ್ಯಾಸನೇ ಬಿಟ್ಟುಹೋಗುತ್ತೆ ಮೇಡಂ." ಲಂಡನ್‌ನ ಫಿಲಿಪಾ ಲಾಲಿ ಮತ್ತು ಸಂಗಡಿಗರ ಅಧ್ಯಯನದ ಬಗ್ಗೆ ಹೇಳಿದೆ. 96 ಜನರನ್ನು 12 ವಾರ ಗಮನಿಸಿದ ಅದು 2010ರಲ್ಲಿ ಪ್ರಕಟವಾಯಿತು. ಅಭ್ಯಾಸ ಕೂರಲು ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾದೀತು ಅನ್ನುವುದು ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಅಭ್ಯಾಸಕ್ಕೆ ಗೊನೆ ಬೀಳುವ ಭಯ ಬೇಕಿಲ್ಲ. ಆ ಭಯ ಬೇಕಾಗಿದ್ದು ಡ್ಯಾಶ್‌ಬೋರ್ಡಿಗೆ.

ಅಪ್ಪಯ್ಯನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಬೇಕಾ ಅಂತಲೂ ಕೇಳಿದರು. ಫೋನ್, ಇಂಟರ್ನೆಟ್ ಬಳಕೆ ಕೈಮೀರಿದವರಿಗೆ ಅಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಸದ್ಯ ಅಗತ್ಯ ಕಾಣಲಿಲ್ಲ. ಊಟ, ತೋಟ, ನೆಂಟರ ಮನೆ ಯಾವುದನ್ನೂ ಅವರು ಬಿಟ್ಟಿರಲಿಲ್ಲ. ಮನಸ್ಸು ಕುಗ್ಗಿದಂತೆ ಕಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು ಅಂತ ಬರೆದುಕೊಟ್ಟೆ. ಮಾಡಬೇಕಾದ್ದು ಇನ್ನೊಂದಿತ್ತು: ಅಪ್ಪಯ್ಯನ ಪಕ್ಕ ಕೂತು, ಗೊನೆಯನ್ನು ಯಾಕೆ ಮಾಡಿದ್ದು ಅಂತ ಮಗನೇ ಬಾಯಿಬಿಟ್ಟು ಹೇಳುವುದು. ಅದಕ್ಕೆ ಅವರು ಬಹಳ ಹೆದರಿದ್ದರು. ಹೇಳಿದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಾಳೆಯಿಂದ ಸಂಜೆ ಒಂದ್ಸಲ ನೋಡಿದ್ರೆ ಸಾಕಲ್ಲ" ಅಂದರಂತೆ.

ಈಗ ಸಂಜೆ ಒಂದೇ ಸಂದೇಶ ಹೋಗುತ್ತದೆ. ಧಾರಣೆ ಸಂದೇಶದಲ್ಲೇ ಇರುವುದರಿಂದ ಆ್ಯಪ್ ತೆರೆಯಲೇಬೇಕು ಅಂತಿಲ್ಲ. ಗೊನೆ, ಕಾಯಿಸುವುದು ಎರಡೂ ಹೋಗಿವೆ. ಹಿಂಗಾರದ ಚಿತ್ರ ಉಳಿದಿದೆ. ದಿನದ ಲೆಕ್ಕ ಇಳಿದಿದೆ, ಒಬ್ಬ ಹೂಡಿಕೆದಾರರು ಹಿಂದೆ ಸರಿದಿದ್ದಾರೆ. ಧಾರಣೆ ನೋಡಿ ಮಾರಿದವರು ಮುಂದಿನ ಕೊಯ್ಲಿಗೂ ಬರುತ್ತಾರಾ ಅನ್ನುವ ಲೆಕ್ಕವನ್ನು ಇಡೋಣ ಅಂತ ಪಾಲುದಾರರು ಒಪ್ಪಿದ್ದಾರೆ. ಅದರ ಫಲ ಗೊತ್ತಾಗಲು ಒಂದು ವರ್ಷವಾದರೂ ಬೇಕು, ಅಲ್ಲಿಯವರೆಗೆ ಸಂಬಳದ ಚಿಂತೆ ಇದ್ದೇ ಇರುತ್ತದೆ. ನಿದ್ದೆ ಸುಧಾರಿಸಿದೆ. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ. ರೇಗಾಟ ಶುರುವಾದದ್ದು ಆ್ಯಪ್‌ಗಿಂತ ಮೊದಲಾ ಆಮೇಲಾ ಅನ್ನುವುದನ್ನು ಅವರ ಬಾಯಿಂದ ಕೇಳಬೇಕು.