ಕಣ್ಣೂರೋ, ಮಂಗಳೂರೋ: ಕೊಡಗಿನಿಂದ ಗಲ್ಫಿಗೆ ಹೊರಡುವವರಿಗೆ

ಪ್ರಶ್ನೆ: ನನ್ನ ಮಗ ಅಬುಧಾಬಿಯಲ್ಲಿದ್ದಾನೆ. ಇಷ್ಟು ವರ್ಷ ಮಂಗಳೂರಿನ ಮೂಲಕವೇ ಬಂದುಹೋಗುತ್ತಿದ್ದ. ಬರುವ ಜುಲೈಯಲ್ಲಿ ಸೊಸೆಯನ್ನೂ ಮೊಮ್ಮಗುವನ್ನೂ ಕಳುಹಿಸಬೇಕಾಗಿದೆ. ಕಣ್ಣೂರು ಹತ್ತಿರ ಎನ್ನುತ್ತಾರೆ; ಆದರೆ ಅಲ್ಲಿಂದ ವಿದೇಶಿ ಕಂಪನಿಗಳ ವಿಮಾನಗಳೇ ಇಲ್ಲವಂತೆ. ನಂಬಿ ಟಿಕೆಟ್ ಮಾಡಿಸಬಹುದೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಖಂಡಿತ ಮಾಡಿಸಬಹುದು. ಕಣ್ಣೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿರುವುದು ಕಣ್ಣೂರು ಪಟ್ಟಣದಲ್ಲಲ್ಲ, ನಮ್ಮ ಕಡೆಗೇ ಸರಿದಂತಿರುವ ಮಟ್ಟನ್ನೂರಿನ ಬಳಿ. ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ದಾಟಿದರೆ ನಿಮ್ಮೂರಿನಿಂದ ಸುಮಾರು 60 ಕಿ.ಮೀ. ಆಗುತ್ತದೆ. ಮಂಗಳೂರಿಗಾದರೆ ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರುಗಳನ್ನು ಹಾದು ಅದರ ಎರಡು ಪಟ್ಟಿಗೂ ಹೆಚ್ಚು ದೂರ ಕ್ರಮಿಸಬೇಕು. ಎಳೆಯ ಮಗುವಿನೊಡನೆ ಹೊರಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

2018ರ ಡಿಸೆಂಬರ್ 9ರಂದು ಈ ನಿಲ್ದಾಣದಿಂದ ಹೊರಟ ಮೊದಲ ವಿಮಾನವೇ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಅಬುಧಾಬಿ ವಿಮಾನ. ಇಲ್ಲಿನ ರನ್‌ವೇ 3,050 ಮೀಟರ್ ಉದ್ದವಿದ್ದು, ಮಂಗಳೂರಿನ 2,450 ಮೀಟರಿನ ರನ್‌ವೇಗಿಂತ ದೊಡ್ಡದು. ದುಬೈ, ಶಾರ್ಜಾ, ದೋಹಾ, ಮಸ್ಕತ್‌ಗಳಿಗೂ ಇಲ್ಲಿಂದ ಸೇವೆ ನಡೆದಿದೆ. 2023ರಿಂದ ಹಜ್ ಯಾತ್ರಿಗಳ ವಿಮಾನಗಳೂ ಇಲ್ಲಿಂದ ಹೊರಡುತ್ತಿವೆ.

ವಿದೇಶಿ ಕಂಪನಿಗಳ ವಿಷಯದಲ್ಲಿ ನೀವು ಕೇಳಿದ್ದು ನಿಜ, ಆದರೆ ಅದರ ಕಾರಣ ನಿಲ್ದಾಣದ ಕೊರತೆಯಲ್ಲ. ಒಂದು ದೇಶದ ವಿಮಾನ ಕಂಪನಿ ಇನ್ನೊಂದು ದೇಶದ ಯಾವ ಯಾವ ಊರುಗಳಿಗೆ ಹಾರಬಹುದೆಂಬುದನ್ನು ಎರಡೂ ಸರ್ಕಾರಗಳು ಒಪ್ಪಂದದಲ್ಲಿ ಹೆಸರಿಸಿಕೊಳ್ಳುತ್ತವೆ; ಹಾಗೆ ಹೆಸರಿಸಲಾದ ಊರಿಗೆ ‘ಪಾಯಿಂಟ್ ಆಫ್ ಕಾಲ್’ ಎನ್ನುತ್ತಾರೆ. ಕೊಚ್ಚಿ, ಕೋಯಿಕ್ಕೋಡುಗಳಿಗೆ ದೊರೆತ ಈ ಸ್ಥಾನ ಕಣ್ಣೂರಿಗೆ ದಕ್ಕಿಲ್ಲ. ಭಾರತೀಯ ಕಂಪನಿಗಳಿಗೆ ಈ ಅಡ್ಡಿಯಿಲ್ಲ. ಮಂಗಳೂರಿನಿಂದ ಗಲ್ಫಿಗೆ ಹಾರುತ್ತಿರುವುದೂ ಭಾರತೀಯ ಕಂಪನಿಗಳ ವಿಮಾನಗಳೇ ಆದ್ದರಿಂದ, ಇದೊಂದೇ ಕಾರಣಕ್ಕೆ ಕಣ್ಣೂರನ್ನು ಬಿಡುವುದು ಸರಿಯಲ್ಲ. ಆದರೂ ಕಂಪನಿಗಳು ಕಡಿಮೆಯಿರುವ ಕಡೆ ಒಂದು ನಿಂತರೂ ಪೆಟ್ಟು ಜೋರಾಗಿ ಬೀಳುತ್ತದೆ. 2023ರ ಮೇ ತಿಂಗಳಿನಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಕಣ್ಣೂರಿನ ಪ್ರಯಾಣಿಕರು ಇದನ್ನು ಚೆನ್ನಾಗಿಯೇ ಅನುಭವಿಸಿದರು. ವಾರದ ಯಾವ ದಿನ ಯಾವ ವಿಮಾನವೆಂಬುದು ಋತುವಿಗೆ ತಕ್ಕಂತೆ ಬದಲಾಗುವುದರಿಂದ, ಟಿಕೆಟ್ ಮಾಡಿಸುವ ಮುನ್ನ ಆಗಿನ ವೇಳಾಪಟ್ಟಿಯನ್ನೇ ನೋಡಿಕೊಳ್ಳಿ.

ನನ್ನ ಆತಂಕವಿರುವುದು ವಿಮಾನದ ಬಗ್ಗೆಯಲ್ಲ, ನೀವು ಹೇಳಿದ ಜುಲೈ ತಿಂಗಳ ಬಗ್ಗೆ. 2018ರ ಮಳೆಗಾಲದಲ್ಲಿ ಮಾಕುಟ್ಟ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಕಡೆಯ ಕುಸಿತದಿಂದ ಮಂಗಳೂರಿನ ದಾರಿಯೂ ಮುಚ್ಚಿತ್ತು. ಆದ್ದರಿಂದ ಮಳೆಗಾಲದಲ್ಲಿ ಯಾವ ದಾರಿಯನ್ನೂ ಪೂರ್ತಿ ನಂಬುವಂತಿಲ್ಲ. ಬೇಸಿಗೆಯಲ್ಲಿ ಎರಡು ಗಂಟೆಯ ದಾರಿಗೆ ಜುಲೈಯಲ್ಲಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ನಸುಕಿನ ವಿಮಾನವಾದರೆ ಹಿಂದಿನ ದಿನ ಬೆಳಕಿರುವಾಗಲೇ ಘಾಟಿ ಇಳಿದು ಮಟ್ಟನ್ನೂರಿನಲ್ಲಿ ಉಳಿದುಕೊಳ್ಳುವುದು ಒಳ್ಳೆಯದು. ವಿದೇಶಿ ಪ್ರಯಾಣಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕೆಂಬುದನ್ನು ಈ ಲೆಕ್ಕದಲ್ಲಿ ಮರೆಯಬೇಡಿ.

ಪ್ರಶ್ನೆ: ಗಲ್ಫಿನಲ್ಲಿರುವ ತಂಗಿಗೆ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ), ಜೇನು, ಕಾಳುಮೆಣಸು, ಅಡುಗೆಗೆ ಬೇಕಾದ ಗಸಗಸೆ, ಒಣಕೊಬ್ಬರಿ ಒಯ್ಯಬಹುದೆ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಗಸಗಸೆಯನ್ನು ದಯವಿಟ್ಟು ಒಂದು ಚಿಟಿಕೆಯೂ ಒಯ್ಯಬೇಡಿ. ಯುಎಇ, ಸೌದಿ ಅರೇಬಿಯಾಗಳಲ್ಲಿ ಅದು ನಿಷಿದ್ಧ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ; ಅಡುಗೆಗೆಂದು ಹೇಳಿದರೂ ಜೈಲಿನ ಅಪಾಯ ತಪ್ಪುವುದಿಲ್ಲ. ಮಸಾಲೆ ಪುಡಿ ಮಾಡಿಸಿ ಕಳುಹಿಸುವವರು ಅದರೊಳಗೂ ಗಸಗಸೆ ಬೆರೆಯದಂತೆ ನೋಡಿಕೊಳ್ಳಬೇಕು. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಿದ್ದು ಬೇಗ ಹೊತ್ತಿಕೊಳ್ಳುವುದರಿಂದ ವಿಮಾನದ ಲಗೇಜಿಗೆ ಅದನ್ನು ಬಿಡುವುದಿಲ್ಲ. ಕಾಚಂಪುಳಿ, ಜೇನುಗಳು ದ್ರವವಾದ್ದರಿಂದ ಕೈಚೀಲದಲ್ಲಿ 100 ಮಿ.ಲೀ. ಮೀರಿದ ಬಾಟಲಿ ತಪಾಸಣೆಯಲ್ಲೇ ಉಳಿಯುತ್ತದೆ; ಬಿಗಿಯಾಗಿ ಮುಚ್ಚಿ, ಪ್ಲಾಸ್ಟಿಕ್ ಸುತ್ತಿ, ಕೌಂಟರಿನಲ್ಲಿ ಕೊಡುವ ದೊಡ್ಡ ಪೆಟ್ಟಿಗೆಯ ನಡುವೆ ಬಟ್ಟೆಗಳೊಳಗೆ ಇಡಿ. ಕಾಳುಮೆಣಸನ್ನೂ ಅದೇ ಪೆಟ್ಟಿಗೆಯಲ್ಲಿ ಕಳುಹಿಸಬಹುದು.