ಚಿಕ್ಕ ಮಕ್ಕಳಿರುವ ಮನೆಯವರಿಗೆ ಎಂಥ ಹಾಯಿದೋಣಿ?

ನೀವು ಶಿವಮೊಗ್ಗ ಜಿಲ್ಲೆಯ ಸಾಗರದವರು, ಮೂರು ಮತ್ತು ಆರು ವರ್ಷದ ಮಕ್ಕಳೊಂದಿಗೆ ಹೊನ್ನಾವರದಿಂದ ಗೋವಾದವರೆಗೆ ಸುತ್ತಲು ಹಾಯಿದೋಣಿ ಬೇಕೆಂದಿದ್ದೀರಿ.

ಉದ್ದ 30ರಿಂದ 36 ಅಡಿ ಸಾಕು. ಒಬ್ಬರು ಮಕ್ಕಳನ್ನು ಹಿಡಿದು ಕೂತರೆ ದೋಣಿ ನಡೆಸಲು ಉಳಿಯುವುದು ಒಬ್ಬರೇ. ಹಾಗಾಗಿ ಮುಂದಿನ ಹಾಯಿ ಸುರುಳಿ ಸುತ್ತಿಕೊಳ್ಳುವಂಥದ್ದಿರಲಿ, ಹಗ್ಗಗಳೆಲ್ಲ ಚುಕ್ಕಾಣಿಯ ಬಳಿಗೇ ಬರಲಿ. ನಾನಾದರೆ ಮೊದಲು ನೋಡುವುದು ದೋಣಿ ನಡೆಸುವವರು ಕೂರುವ ತಗ್ಗು ಜಾಗದ, ಅಂದರೆ ಕಾಕ್‌ಪಿಟ್ಟಿನ ಆಳ: ಚಿಕ್ಕ ಮಗು ಅದರೊಳಗೆ ನಿಂತರೆ ಅಂಚು ಎದೆಮಟ್ಟಕ್ಕಾದರೂ ಬರಬೇಕು. ಡೆಕ್ಕಿನ ಸುತ್ತಲಿನ ತಂತಿಗೆ ಬಲೆ ಕಟ್ಟಿಸಿ. ಕಟ್ಟಿಸುವ ಮುನ್ನ ಕಂಬಗಳ ಬುಡ ಅಲುಗುತ್ತದೆಯೇ ಎಂದು ಜಗ್ಗಿ ನೋಡಿ. ಬಲೆ ಇದೆಯೆಂದು ಲೈಫ್ ಜಾಕೆಟ್ ಬಿಡುವಂತಿಲ್ಲ. ಕಾಲುಗಳ ನಡುವೆ ಹಾಯುವ ಪಟ್ಟಿಯಿಲ್ಲದಿದ್ದರೆ ನೀರಿಗೆ ಬಿದ್ದ ಮಗುವಿನ ಜಾಕೆಟ್ ತಲೆಯ ಕಡೆಗೆ ಜಾರಿ ಕಳಚಿಕೊಳ್ಳಬಹುದು.

ಜೋಡಿ ಒಡಲಿನ ಕ್ಯಾಟಮರಾನ್ ದೋಣಿ ವಾಲುವುದು ಕಡಿಮೆ, ಬೆಲೆ ಮಾತ್ರ ಕೈಸುಡುತ್ತದೆ.

ಅಭ್ಯಾಸಕ್ಕೆ ಶರಾವತಿ ಹಿನ್ನೀರು ಹತ್ತಿರವೇನೋ ಹೌದು. ಆದರೆ ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ತಲೆಯೆತ್ತುತ್ತವೆ. ಕಾಣುವುದಕ್ಕಿಂತ ನೀರಿನಡಿ ಗೇಣುದ್ದ ಅಡಗಿದ್ದೇ ಅಪಾಯ. ಅಲ್ಲಿಗೆ ತಳದಿಂದ ನೀರಿಗೆ ಇಳಿಬಿದ್ದಿರುವ ಹಲಗೆಯನ್ನು (ಕೀಲ್) ಮೇಲೆತ್ತಬಹುದಾದ ಪುಟ್ಟ ದೋಣಿಯೇ ಸರಿ, ಅದೂ ಅನುಮತಿ ಪಡೆದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಮಾತೇ ಬೇಡ.